ಬಾಯಿಯವರ ಕಿವಿ

ಕೆಟ್ಟ ಯಂತ್ರವನ್ನು ಮೊದಲು ಮೂಸಿ ನೋಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಪುಣೆಯ ಕೋಥರೂಡದ ಆ ಸಣ್ಣ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಒಬ್ಬ ಹೆಂಗಸು ಯಾವುದೋ ತಗಡಿನ ಪೆಟ್ಟಿಗೆಯ ಗಾಳಿಗಿಂಡಿಗೆ ಮೂಗು ಹಚ್ಚಿ ನಿಂತಿದ್ದರು. ಎರಡು ಸಲ ಉಸಿರೆಳೆದು, "ಟ್ರಾನ್ಸ್‌ಫಾರ್ಮರ್ ಅಲ್ಲ. ರೆಸಿಸ್ಟರ್ ಸುಟ್ಟದ," ಎಂದು ತಮಗೆ ತಾವೇ ಅಂದುಕೊಂಡರು. ಮೂರನೆಯ ಸಲ ಎಳೆದು, "ಮತ್ತ ಯಾರೋ ಇದರ ಮ್ಯಾಲೆ ಡಬ್ಬಿ ಬಿಸಿ ಮಾಡ್ಯಾರ. ಬಳ್ಳೊಳ್ಳಿ ಚಟ್ನಿ," ಎಂದರು. ಮೂಲೆಯಲ್ಲಿದ್ದ ಪ್ಯಾಕಿಂಗಿನವನಿಗೆ ಕನ್ನಡ ಬರುತ್ತಿರಲಿಲ್ಲ. ಚಟ್ನಿ ಎಂಬ ಮಾತು ಕೇಳಿದ್ದೇ ಅವನು ತಲೆ ತಗ್ಗಿಸಿದ.

ಎಲ್ಲರೂ ಅವರನ್ನು 'ಬಾಯಿ' ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ತುಮಕೂರಿನಿಂದ ಬಂದಿದ್ದ ನನಗೆ ಅದು ಬೇರೆಯೇ ಆಗಿ ಕೇಳಿತು. ಒಂದು ವಾರದೊಳಗೆ ಎರಡೂ ಅರ್ಥ ಸರಿ ಎಂದು ಗೊತ್ತಾಯಿತು. ಧಾರವಾಡದ ಕಡೆಯವರು. ಮದುವೆಯಾಗಿ ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ನಾನು ಕನ್ನಡದವನೆಂದು ತಿಳಿದಾಗ ಸಂತೋಷಪಟ್ಟರು, ನನ್ನ ಕನ್ನಡ ಕೇಳಿ ಸ್ವಲ್ಪ ನಿರಾಶರಾದರು.

"ಇದೆ, ಇದೆ ಅನ್ನೂ ಮಂದಿ ಏನಪಾ ನೀ? ಇರ್ಲಿ ಬಿಡು. ಅದೂ ಕನ್ನಡನ."

ಕಳೆದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನನ್ನನ್ನು ಮಾತಾಡಲು ನಿಲ್ಲಿಸಿದರು. ನನ್ನ ಮರಾಠಿಯ ಮೂರನೆಯ ವಾಕ್ಯಕ್ಕೆ ಬಟಾಟೆವಡೆ ಬಂತು, ಸಭೆ ಅಲ್ಲಿಗೆ ಮುಗಿಯಿತು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಿಪೇರಿಗೆ ಬಂದ ಯಾವ ವಸ್ತುವನ್ನೂ ಬಾಯಿ ನೇರವಾಗಿ ಬಿಚ್ಚುತ್ತಿರಲಿಲ್ಲ. ಮೊದಲು ತಂದವರ ವಿಚಾರಣೆ. "ಏನ್ ಮಾಡಿದಿ?" ಎಂಬುದು ಅವರ ಮೊದಲ ಪ್ರಶ್ನೆ. "ಏನೂ ಮಾಡಿಲ್ಲ" ಎಂಬುದು ಜಗತ್ತಿನ ಉತ್ತರ. ಇಷ್ಟು ವರ್ಷದಲ್ಲಿ ಏನಾದರೂ ಮಾಡಿದ ಒಬ್ಬನೇ ಒಬ್ಬ ಮನುಷ್ಯನನ್ನು ತಾವು ನೋಡಿಲ್ಲ ಎಂದು ಅವರು ಹೇಳುತ್ತಿದ್ದರು. ಕಾರ್ಖಾನೆ ಇದ್ದದ್ದು ಒಂದು ಅಪಾರ್ಟ್‌ಮೆಂಟಿನ ತಳ ಅಂತಸ್ತಿನಲ್ಲಿ. ಹೀಗಾಗಿ ಮೇಲಿನ ಮನೆಯವರು ಮಿಕ್ಸರು, ಇಸ್ತ್ರಿಪೆಟ್ಟಿಗೆ ಹಿಡಿದು ಇಳಿದು ಬರುತ್ತಿದ್ದರು. ಒಮ್ಮೆ ಮೂರನೆಯ ಮಹಡಿಯ ಅಜ್ಜಿ ಮಿಕ್ಸರು ತಂದು, ಏನೂ ಮಾಡಿಲ್ಲ, ತಾನೇ ನಿಂತುಹೋಯಿತು ಎಂದರು. ಬಾಯಿ ಮಿಕ್ಸರನ್ನು ಮೂಸಿದರು. ಆಮೇಲೆ ಅಜ್ಜಿಯ ಬೆರಳುಗಳನ್ನು ನೋಡಿದರು. ಹಳದಿ. ಒಣ ಅರಿಶಿನದ ಕೊಂಬು ಎಷ್ಟು ಹೊತ್ತು ಹಾಕಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ಅಜ್ಜಿ ಬಹಳ ಹೊತ್ತು ಗೋಡೆ ನೋಡಿ, "ಥೋಡಾ ವೇಳ," ಎಂದರು. ಸ್ವಲ್ಪ ಹೊತ್ತು. ಆಮೇಲೆ ಅದು ಒಂದು ಕಿಲೋ ಎಂದು ಹೊರಬಿತ್ತು.

"ಮಶೀನ್ ಸುಳ್ಳ ಹೇಳೂದಿಲ್ಲ ತಮ್ಮಾ," ಎಂದು ನನಗೆ ಹೇಳುತ್ತಿದ್ದರು. "ಅದಕ್ಕ ಅದರ ರಿಪೇರಿ ಲಗೂನ ಆಗ್ತದ."

ವಿಚಾರಣೆಯಾದ ಮೇಲೆ ಬಲ್ಬು. ಒಂದು ಹಲಗೆಗೆ ಹಳೆಯ ನೂರು ವ್ಯಾಟಿನ ಬಲ್ಬು ಕೂಡಿಸಿ, ಕೆಟ್ಟ ವಸ್ತುವಿಗೆ ಕರೆಂಟು ಆ ಬಲ್ಬಿನ ಮೂಲಕವೇ ಹೋಗುವಂತೆ ಮಾಡಿಕೊಂಡಿದ್ದರು. ಊರ ಪಂಚರ ಹಾಗೆ ತೀರ್ಪು ಕೊಡುವುದರಿಂದ ಅದಕ್ಕೆ 'ಪಂಚರು' ಎಂದು ಹೆಸರು. ಬಲ್ಬು ಧಗ್ಗನೆ ಹೊತ್ತಿ ಹಾಗೇ ಉರಿದರೆ ಒಳಗೆ ಶಾರ್ಟ್ ಆಗಿದೆ ಎಂದರ್ಥ. ಹೊತ್ತಿ ಮಂಕಾದರೆ ಜೀವಕ್ಕೆ ಅಪಾಯವಿಲ್ಲ. ಕರೆಂಟು ಇರುವ ಪೆಟ್ಟಿಗೆಯೊಳಗೆ ಕೈ ಹಾಕುವಾಗ ಎಡಗೈ ಬೆನ್ನ ಹಿಂದೆ ಸೆರಗು ಹಿಡಿದಿರುತ್ತಿತ್ತು. ಎರಡೂ ಕೈ ಒಳಗಿದ್ದರೆ ಶಾಕು ಒಂದು ಕೈಯಿಂದ ಹೊಕ್ಕು ಎದೆ ದಾಟಿ ಇನ್ನೊಂದರಿಂದ ಹೊರಡುತ್ತದೆ, ಅದಕ್ಕೆ. ಈ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ ಊಟದ ಹೊತ್ತಿಗೆ ನಮಗೆ ಪಲ್ಯ ಬಡಿಸುವಾಗಲೂ ಎಡಗೈ ಬೆನ್ನ ಹಿಂದೆಯೇ. ಹೊಸಬರು ಅದನ್ನು ಧಾರವಾಡದ ಮರ್ಯಾದೆ ಎಂದುಕೊಂಡಿದ್ದರು.

ರಿಪೇರಿ ಮುಗಿದ ಜಾಗದ ಪಕ್ಕದಲ್ಲಿ ಕೆಂಪು ನೇಲ್ ಪಾಲಿಶಿನ ಒಂದು ಚುಕ್ಕೆ ಇಡುತ್ತಿದ್ದರು. ಉಗುರಿಗೆ ಹಚ್ಚಿಕೊಂಡದ್ದನ್ನು ಯಾರೂ ನೋಡಿರಲಿಲ್ಲ. "ಇದು ನನ್ನ ಕೈ ಅಂತ ನನಗ ಗೊತ್ತಾಗಬೇಕಲ್ಲ," ಎನ್ನುತ್ತಿದ್ದರು.

ಇನ್ನು ನನ್ನ ವಿಚಾರಕ್ಕೆ ಬರುತ್ತೇನೆ. ನಾವು ಎಂಟು ಜನ ಸೇರಿ ತಯಾರಿಸುತ್ತಿದ್ದದ್ದು ರಾಸಾಯನಿಕ ಕಾರ್ಖಾನೆಗಳ ಗೋಡೆಗೆ ಹಾಕುವ ಅಲಾರಂ. ಎಲ್ಲಿಯಾದರೂ ದ್ರಾವಕದ ಆವಿ ಸೋರಿದರೆ ಕೂಗಿಕೊಳ್ಳುವುದಷ್ಟೇ ಅದರ ಕೆಲಸ. ಕೊನೆಯ ಪರೀಕ್ಷೆ ನನ್ನದು. ಒಂದೊಂದೇ ಅಲಾರಂಗೆ ಇಪ್ಪತ್ನಾಲ್ಕು ವೋಲ್ಟು ಕೊಟ್ಟು, ಪರೀಕ್ಷೆಯ ಗ್ಯಾಸು ಸ್ವಲ್ಪ ಬಿಟ್ಟು, ಅದು ಸರಿಯಾದ ಹೊತ್ತಿಗೆ ಕೂಗುವಂತೆ ಒಳಗಿನ ಸಣ್ಣ ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಆ ಇಪ್ಪತ್ನಾಲ್ಕು ವೋಲ್ಟು ಕೊಡುತ್ತಿದ್ದದ್ದು ನನ್ನ ಮೇಜಿನ ಪವರ್ ಸಪ್ಲೈ. ಗೋಡೆಯ ಕರೆಂಟನ್ನು ತೆಗೆದುಕೊಂಡು ನಮಗೆ ಬೇಕಾದಷ್ಟನ್ನು ಅಳೆದು ಕೊಡುವ, ಶೂ ಡಬ್ಬಿಗಿಂತ ತುಸು ದೊಡ್ಡದಾದ ಪೆಟ್ಟಿಗೆ. ಮುಂದೆ ಎರಡು ಗುಂಡಿ, ಒಂದು ಮುಳ್ಳಿನ ಮೀಟರು.

ನಾನು ಸೇರಿ ಆರು ತಿಂಗಳಾದ ಮೇಲೆ ಅದಕ್ಕೊಂದು ಚಾಳಿ ಹತ್ತಿತು. ಬರಿದೆ ಇದ್ದಾಗ ಇಪ್ಪತ್ನಾಲ್ಕು ತೋರಿಸುವುದು, ಅಲಾರಂ ಜೋಡಿಸಿದ ಕೂಡಲೇ ಮುಳ್ಳು ಹದಿನೆಂಟಕ್ಕೆ ಬಿದ್ದುಬಿಡುವುದು. ಒಂದು ದಿನ ಸಿಟ್ಟಿನಲ್ಲಿ ಅದರ ಬಲಗೆನ್ನೆಗೆ ಒಂದು ಕೊಟ್ಟೆ. ಮುಳ್ಳು ಎದ್ದು ನಿಂತಿತು. ನನಗೆ ಆ ಕ್ಷಣ ದೊಡ್ಡ ಎಂಜಿನಿಯರನಾದ ಹಾಗೆ ಅನ್ನಿಸಿತು. ಮೊದಮೊದಲು ಎರಡು ಬೆರಳು ಸಾಕಾಗುತ್ತಿತ್ತು. ಆಮೇಲೆ ಅಂಗೈ ಬೇಕಾಯಿತು. ಆಮೇಲೆ ಅಂಗೈ ಜೊತೆಗೆ ಮೊಣಕಾಲು. ಅದಕ್ಕೂ ಬಗ್ಗದ ದಿನ, ಮುಳ್ಳು ಇಪ್ಪತ್ನಾಲ್ಕಕ್ಕೆ ಏರುವ ತನಕ ಗುಂಡಿಯನ್ನೇ ತಿರುಗಿಸಿ ಕೆಲಸ ಮಾಡುತ್ತಿದ್ದೆ. ಮೀಟರು ಇಪ್ಪತ್ನಾಲ್ಕು ಅನ್ನುತ್ತಿದೆ, ಇನ್ನೇನು ಬೇಕು?

ಬಾಯಿಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ವಿಚಾರಣೆ ಆಗುತ್ತದೆ ಎಂದೇ ಹೇಳಲಿಲ್ಲ. ಆ ಮಿಕ್ಸರಿನ ಅಜ್ಜಿಯ ಮುಖ ನನಗೆ ನೆನಪಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಪೆಟ್ಟು, ಮೊಣಕಾಲು, ಗುಂಡಿ ಯಾವುದಕ್ಕೂ ಅದು ಜಗ್ಗಲಿಲ್ಲ. ಕೊನೆಯವರೆಗೆ ತಿರುಗಿಸಿದರೂ ಮುಳ್ಳು ಇಪ್ಪತ್ತನ್ನು ದಾಟಲಿಲ್ಲ. ಬೇರೆ ದಾರಿಯಿಲ್ಲದೆ ಎತ್ತಿಕೊಂಡು ಹೋಗಿ ಬಾಯಿಯವರ ಮೇಜಿನ ಮೇಲೆ ಇಟ್ಟೆ.

"ಏನ್ ಮಾಡಿದಿ?"

"ಏನೂ ಮಾಡಿಲ್ಲ ಮೇಡಂ. ತಾನಾಗೇ ಹೀಗಾಯ್ತು."

ಅವರು ಮೂಸಲಿಲ್ಲ. ಪೆಟ್ಟಿಗೆಯನ್ನು ಬೆಳಕಿಗೆ ತಿರುಗಿಸಿದರು. ಮೈಯೆಲ್ಲ ಧೂಳು. ಬಲಗೆನ್ನೆಯ ಮೇಲೆ ಮಾತ್ರ ಒಂದು ಅಂಗೈ ಅಗಲದ ಜಾಗ ಫಳಫಳ ಹೊಳೆಯುತ್ತಿತ್ತು.

"ನಿನ್ನ ಕೈ ಕೊಡಿಲ್ಲೆ," ಎಂದರು. ಕೊಟ್ಟೆ. ಅದನ್ನು ಹಿಡಿದು ಆ ಹೊಳೆಯುವ ಜಾಗದ ಮೇಲೆ ಇಟ್ಟರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

"ಎಷ್ಟ್ ದಿನದಿಂದ ಹೊಡೀಲಿಕತ್ತಿ?"

"ಎರಡು ವಾರ…"

ಅವರು ಸುಮ್ಮನೆ ನೋಡಿದರು.

"ಒಂದು ತಿಂಗಳು."

ಇನ್ನೂ ನೋಡುತ್ತಲೇ ಇದ್ದರು.

"ಗಣೇಶನ ಹಬ್ಬದಿಂದ ಮೇಡಂ."

ಆಗ ದೀಪಾವಳಿ ಕಳೆದಿತ್ತು. "ನಂಗ ಹೇಳಿದ್ರ ಹತ್ತು ಮಿನಿಟಿನ ಕೆಲಸ ಇತ್ತು. ಅದಕ್ಕೇನ್ ಬಾಯಿ ಇಲ್ಲ ಖರೇ, ನಿನಗರ ಇತ್ತಲ್ಲ?" ಎಂದು ಕನ್ನಡಕ ಇಳಿಸಿಕೊಂಡರು. ಪ್ಯಾಕಿಂಗಿನವನು ನಕ್ಕ. ನನ್ನ ಅವಮಾನಕ್ಕೆ ಭಾಷೆಯ ಅಡ್ಡಿ ಇರಲಿಲ್ಲ.

ಪಂಚರು ಹೊತ್ತಿ ಮಂಕಾದರು. ಶಾರ್ಟ್ ಇಲ್ಲ. ಬಲ್ಬು ಬಿಡಿಸಿ ನೇರ ಕರೆಂಟು ಕೊಟ್ಟು, ಒಂದು ಅಲಾರಂ ಜೋಡಿಸಿ, ಡ್ರಾಯರಿನಿಂದ ಹಳೆಯ ರೇಡಿಯೋದ ಸ್ಪೀಕರನ್ನು ತೆಗೆದರು. ಅದಕ್ಕೊಂದು ಕೆಪ್ಯಾಸಿಟರ್ ಸೇರಿಸಿ ಸಪ್ಲೈಗೆ ಹಚ್ಚಿದರು. "ಶುದ್ಧ ಕರೆಂಟ್ ಇದ್ರ ಈ ಸ್ಪೀಕರ್ ಮೌನ ಇರಬೇಕು. ಕೇಳು."

ಗುಂಯ್ ಎಂದು ಒಂದೇ ಸಮನೆ ಸದ್ದು ಬಂತು.

"ಹಾಡ್ಲಿಕತ್ತದ!" ಎಂದು ಬಾಯಿ ನಕ್ಕರು. "ಅದೂ ಬೇಸೂರ. ನಮ್ಮ ಧಾರವಾಡದಾಗ ಹಿಂಗ ಹಾಡಿದ್ರ ಚಹಾನೂ ಕೊಡೂದಿಲ್ಲ."

ಮುಚ್ಚಳ ಬಿಚ್ಚಿ, ಎಡಗೈಯನ್ನು ಬೆನ್ನಿಗೆ ಕಳಿಸಿ, ಬಲಗೈಯಲ್ಲಿ ಒಂದು ಐಸ್‌ಕ್ರೀಮಿನ ಕಡ್ಡಿ ಹಿಡಿದುಕೊಂಡರು. ಕಟ್ಟಿಗೆಗೆ ಕರೆಂಟು ಹತ್ತುವುದಿಲ್ಲ. ಆ ಕಡ್ಡಿಯಿಂದ ಒಂದೊಂದೇ ಭಾಗವನ್ನು, ವೈದ್ಯರು ಹೊಟ್ಟೆ ಒತ್ತಿ ನೋಡುವ ಹಾಗೆ, ಮೆಲ್ಲಗೆ ಒತ್ತುತ್ತ ಹೋದರು. ಕಣ್ಣು ಎಲ್ಲೋ, ಕಿವಿ ಸ್ಪೀಕರಿನ ಕಡೆ. ಟ್ರಾನ್ಸಿಸ್ಟರು ಒತ್ತಿದರು, ಗುಂಯ್. ತಂತಿಗಳನ್ನು ಸರಿಸಿದರು, ಗುಂಯ್. ಹಿಂಬದಿಯಲ್ಲಿ ಲೋಟದಷ್ಟು ದಪ್ಪನೆಯ ಕೆಪ್ಯಾಸಿಟರ್ ನಿಂತಿತ್ತು. ಅದರ ಬುಡ ಒತ್ತಿದ ಕೂಡಲೇ ಸದ್ದು ನಿಂತಿತು. ಕಡ್ಡಿ ಎತ್ತಿದರು, ಗುಂಯ್. ಒತ್ತಿದರು, ಮೌನ.

"ಸಿಕ್ತು ನೋಡು. ಇದು ನೀರಿನ ಟಾಕಿ ಇದ್ದಂಗ. ನಳ ಬಿಟ್ಟು ಬಿಟ್ಟು ಬಂದ್ರೂ ಟಾಕಿ ಇದ್ರ ಮನ್ಯಾಗ ಒಂದ ಸಮನ ಬರ್ತದ. ಟಾಕಿ ಪೈಪ್ ಕಿತ್ತದ. ನೀ ಹೊಡದಾಗೊಮ್ಮೆ ಹತ್ತತಿತ್ತು, ಮತ್ತ ಬಿಡತಿತ್ತು."

ಕರೆಂಟು ತೆಗೆದು, ಪ್ಲಗ್ಗು ಕಿತ್ತು, ಕೆಪ್ಯಾಸಿಟರಿನಲ್ಲಿ ಉಳಿದದ್ದನ್ನು ಬರಿದುಮಾಡಿ, ಬೋರ್ಡನ್ನು ಮಗುಚಿ ಭೂತಗನ್ನಡಿ ಹಿಡಿದರು. ಕೆಪ್ಯಾಸಿಟರಿನ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಪಕ್ಕದಲ್ಲೇ ಒಂದು ಕೆಂಪು ಚುಕ್ಕೆ.

ಬಾಯಿ ಭೂತಗನ್ನಡಿಯನ್ನು ಕೆಳಗಿಟ್ಟರು. ಬೆರಳ ತುದಿಯಿಂದ ಆ ಚುಕ್ಕೆಯನ್ನು ಸವರಿದರು.

"ಇದು ನನ್ನ ಕೈ," ಎಂದರು. "ಹೋದ ವರ್ಷ ನಾನ ಬದಲಿ ಮಾಡೇನಿ. ಇಷ್ಟು ಭಾರದ್ದಕ್ಕ ಬರೇ ಬೆಸುಗಿ ಸಾಲೂದಿಲ್ಲ, ಬುಡಕ್ಕ ಪಟ್ಟಿ ಹಾಕಬೇಕಿತ್ತು. ನಾಳೆ ಹಾಕೂಣು ಅಂದಿರಬೇಕು."

ನನಗೆ ಒಳಗೊಳಗೇ ಸಮಾಧಾನವಾಯಿತು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ತಪ್ಪಿಗೆ ಇನ್ನೊಬ್ಬರು ಸಿಕ್ಕರಲ್ಲ. ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ.

"ಇದರ ಮ್ಯಾಲೆ ಟೆಸ್ಟ್ ಮಾಡಿ ಎಷ್ಟು ಅಲಾರಂ ಕಳಿಸಿದಿ?"

"ಮೀಟರ್ ಇಪ್ಪತ್ನಾಲ್ಕೇ ತೋರಿಸ್ತಿತ್ತು ಮೇಡಂ."

"ಒಂದ ದಿನ ಹತ್ತು ರೊಟ್ಟಿ ತಿಂದು ಮರುದಿನ ಉಪಾಸ ಇದ್ರ, ದಿನಾ ಐದು ತಿಂದಾನ ಅಂತ ಬರಕೋತದ ನಿನ್ನ ಮೀಟರ್. ಈ ಗದ್ದಲದ ಕರೆಂಟಿನ ಮ್ಯಾಲೆ ನೀ ಅಲಾರಂ ಹೊಂದಿಸಿದಿ. ಗದ್ದಲದ ಹೊಡೆತಕ್ಕ ಅದು ಕೂಗಿತು. ಅಲ್ಲಿ ಶುದ್ಧ ಕರೆಂಟಿಗೆ ಹಾಕಿದ್ರ ಕೂಗ್ತದೋ ಇಲ್ಲೋ?"

ಗಣೇಶನ ಹಬ್ಬದ ಮೇಲೆ ಹೊರಗೆ ಹೋದದ್ದು ಒಂದೇ ಸರಕು. ಮೂರು ವಾರದ ಹಿಂದೆ ಹನ್ನೆರಡು ಅಲಾರಂ ಪುಣೆಯ ಆಚೆ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಗೆ ಹೋಗಿದ್ದವು. ಅದೇ ಸರಕಿನ ನಾಲ್ಕು ನಮ್ಮ ಕಪಾಟಿನಲ್ಲಿ ಉಳಿದಿದ್ದವು. ಬಾಯಿ ಬೆಸುಗೆ ಹಾಕಿ, ಪಟ್ಟಿ ಬಿಗಿದು, ಸ್ಪೀಕರು ಮೌನವಾದದ್ದನ್ನು ಖಾತ್ರಿ ಮಾಡಿಕೊಂಡು ಆ ನಾಲ್ಕನ್ನೂ ಜೋಡಿಸಿದರು. ಮೂರು ಕೂಗಿದವು. ನಾಲ್ಕನೆಯದಕ್ಕೆ ಎಷ್ಟು ಗ್ಯಾಸು ಬಿಟ್ಟರೂ ಅದು ಧ್ಯಾನ ಬಿಡಲಿಲ್ಲ.

ಇಬ್ಬರೂ ಮಾಲೀಕರ ಕೋಣೆಗೆ ಹೋದೆವು. ಮಾಲೀಕರು ಒಳ್ಳೆಯ ಮನುಷ್ಯ, ಹೆದರುಪುಕ್ಕಲ. ಕುರಕುಂಭದವರು ನಮ್ಮ ಅತಿ ದೊಡ್ಡ ಗಿರಾಕಿ. ಅವರಿಂದ ಯಾವ ದೂರೂ ಬಂದಿಲ್ಲವಲ್ಲ, ಮುಂದಿನ ತಿಂಗಳು ಸರ್ವಿಸಿಗೆ ಹೋದಾಗ ಸದ್ದಿಲ್ಲದೆ ಸರಿಮಾಡಿ ಬಂದರಾಯಿತು ಎಂದರು.

"ಅಲಾರಂ ಕೂಗಲೇ ಇಲ್ಲ ಅಂತ ದೂರು ಕೊಡೋರು ಯಾರು ಉಳೀತಾರ, ಸಾಹೇಬ?" ಎಂದು ಬಾಯಿ ಮರಾಠಿಯಲ್ಲಿ ಕೇಳಿದರು.

ಮಾಲೀಕರು ಮೇಜಿನ ಮೇಲಿನ ಪೇಪರ್‌ವೇಟನ್ನು ಎರಡು ಸುತ್ತು ತಿರುಗಿಸಿದರು. ಇದಕ್ಕೆ ಯಾರು ಹೊಣೆ ಎಂದು ಕೇಳಿದರು.

"ಡಾಗ ಮಾಝಾ ಹೋತಾ," ಎಂದರು ಬಾಯಿ. ಬೆಸುಗೆ ನನ್ನದು ಎಂದು. ನನ್ನ ಹೆಸರು ಬಾಯಿಗೆ ತರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ನೋಡದೆ ಇದ್ದದ್ದರಿಂದ ಆಗಲಿಲ್ಲ.

"ಥಪ್ಪಡ ಮಾಝೀ ಹೋತೀ, ಸರ್," ಎಂದೆ.

ಪೆಟ್ಟು ನನ್ನದು. ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ. ನಾನು ಬಾಯಿಯವರ ಕೆನ್ನೆಗೆ ಹೊಡೆದೆನೆಂದು ಭಾವಿಸಿ ಎದ್ದೇ ನಿಂತರು. ಬಾಯಿಗೆ ತಡೆಯಲಾರದ ನಗು. ಮುಖಕ್ಕೆ ಸೆರಗು ಮುಚ್ಚಿಕೊಂಡು ಅವರು ನಕ್ಕಾಗ, ಅಳುತ್ತಿದ್ದಾರೆಂದು ಮಾಲೀಕರು ನೀರು ತರಿಸಿದರು. ಎಲ್ಲ ಬಿಡಿಸಿ ಹೇಳುವ ಹೊತ್ತಿಗೆ ಅವರಿಗೆ ಎಷ್ಟು ಸಾಕಾಗಿತ್ತೆಂದರೆ, ನಾಳೆಯೇ ಇಬ್ಬರೂ ಕುರಕುಂಭಕ್ಕೆ ಹೋಗಿ ಬನ್ನಿ ಎಂದು ಕೈ ಮುಗಿದರು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಬಾಯಿಯವರ ಊಟದ ಚೀಲದಲ್ಲಿ ಮಲ್ಟಿಮೀಟರು, ಸ್ಕ್ರೂಡ್ರೈವರು, ಪರೀಕ್ಷೆಯ ಗ್ಯಾಸಿನ ಸಣ್ಣ ಡಬ್ಬಿ. ಊಟವನ್ನು ಮರೆತು ಬಂದಿದ್ದರು.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ರಿಜಿಸ್ಟರು ತೆಗೆದು, ಬಂದ ಕಾರಣ ಕೇಳಿದ. ಅಲಾರಂ ಸರಿಮಾಡಲು ಎಂದರು ಬಾಯಿ.

"ತಕ್ರಾರ ಕೋಣಾಚೀ?" ದೂರು ಯಾರದು?

"ಆಮಚೀಚ." ನಮ್ಮದೇ.

ಅವನು ಪೆನ್ನು ಎತ್ತಿದ, ಇಳಿಸಿದ. ತಮ್ಮ ಮೇಲೆ ತಾವೇ ದೂರು ಹೊತ್ತು ಬಂದವರನ್ನು ಬರೆಯಲು ಆ ರಿಜಿಸ್ಟರಿನಲ್ಲಿ ಅಂಕಣವೇ ಇರಲಿಲ್ಲ. ಕೊನೆಗೆ ಸುರಕ್ಷಾ ಅಧಿಕಾರಿಗೆ ಫೋನು ಮಾಡಿದ. ಅಧಿಕಾರಿ ಚಿಕ್ಕ ವಯಸ್ಸಿನವನು. ವಿಷಯ ಕೇಳಿ ಅವನ ಮುಖ ಬಿಳುಪಾಯಿತು, ಆದರೆ ಸಿಟ್ಟು ಮಾಡಲಿಲ್ಲ. ತಲೆಗೆ ಹೆಲ್ಮೆಟ್ಟು ಕೊಟ್ಟು, ನೋಟ್‌ಬುಕ್ಕು ಹಿಡಿದು ನಮ್ಮ ಜೊತೆಗೇ ಹೊರಟ.

ಒಂದು, ಎರಡು, ಮೂರು ಕೂಗಿದವು. ನಾಲ್ಕನೆಯದು ಕೂಗಲಿಲ್ಲ. ಸ್ಕ್ರೂ ತಿರುಗಿಸಿ ಕೂಗಿಸಿದೆ. ಐದು, ಆರು ಸರಿ. ಏಳನೆಯದು ಮೂಕ. ಪ್ರತಿ ಸಲ ಗ್ಯಾಸು ಬಿಟ್ಟು ಕಾಯುವ ಆ ಹತ್ತು ಸೆಕೆಂಡಿನಲ್ಲಿ ನನ್ನ ಬಲ ಅಂಗೈ ಬೆವರುತ್ತಿತ್ತು. ಹನ್ನೊಂದರ ತನಕ ಮತ್ತೆ ತೊಂದರೆ ಬರಲಿಲ್ಲ.

ಹನ್ನೆರಡನೆಯದು ದ್ರಾವಕದ ಡ್ರಮ್ಮುಗಳ ಉಗ್ರಾಣದ ಬಾಗಿಲ ಮೇಲಿತ್ತು. ಕೆಳಗೆ ಒಂದು ಬೆಂಚು. ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಒಬ್ಬ ಕೆಲಸಗಾರ ಹೆಲ್ಮೆಟ್ಟು ಪಕ್ಕಕ್ಕಿಟ್ಟು, ಡಬ್ಬಿ ಬಿಚ್ಚಿ ಭಾಕರಿ, ಅಂದರೆ ರೊಟ್ಟಿ, ಮುರಿಯುತ್ತಿದ್ದ. ಡ್ರಮ್ಮು ಉರುಳಿಸುವವನು. ನಾನು ಏಣಿ ಹಾಕುತ್ತಿದ್ದಂತೆ ಕೈ ಅಡ್ಡ ಹಿಡಿದ.

"ಬಾಯಿ, ಹ್ಯಾಲಾ ಹಾತ ಲಾವೂ ನಕಾ. ಹಾ ಏಕಚ ಶಾಂತ ಆಹೇ."

ಇದನ್ನು ಮುಟ್ಟಬೇಡಿ, ಈ ಕಡೆ ಇರುವವುಗಳಲ್ಲಿ ಇದೊಂದೇ ಶಾಂತ ಎಂದು. ಉಳಿದವು ಎಲ್ಲಾದರೂ ಒಂದು ಡ್ರಮ್ಮಿನ ಬಿರಡೆ ತೆಗೆದರೆ ಸಾಕು, ಕಿವಿ ಹರಿಯುವಂತೆ ಕಿರುಚುತ್ತವಂತೆ. ಇದು ಒಂದು ದಿನವೂ ತಂಟೆ ಮಾಡಿಲ್ಲವಂತೆ. ಅದಕ್ಕೇ ದಿನಾ ಊಟಕ್ಕೆ ಇಲ್ಲಿಗೇ ಬರುತ್ತಾನಂತೆ. ಹೊಗಳುತ್ತಿದ್ದ ರೀತಿ ನೋಡಿದರೆ ಅದು ಮನೆಯ ಮಗಳೇನೋ ಎನ್ನಬೇಕು.

ಅಧಿಕಾರಿ ನೋಟ್‌ಬುಕ್ಕಿನಿಂದ ಕಣ್ಣೆತ್ತಲಿಲ್ಲ. ನಾನು ಗ್ಯಾಸು ಬಿಟ್ಟೆ. ಹತ್ತು ಸೆಕೆಂಡು. ಇಪ್ಪತ್ತು. ಮೂವತ್ತು.

"ಬಘಾ!" ಎಂದ ಡ್ರಮ್ಮಿನವನು, ನೋಡಿದಿರಾ ಎಂದು ಹೆಮ್ಮೆಯಿಂದ.

ಸ್ಕ್ರೂ ತಿರುಗಿಸಿದೆ. ಸ್ಕ್ರೂಡ್ರೈವರು ಎರಡು ಸಲ ಜಾರಿತು. ಮತ್ತೆ ಗ್ಯಾಸು ಬಿಟ್ಟೆ. ಐದನೆಯ ಸೆಕೆಂಡಿಗೆ ಅದು ಎಂಥ ಕೂಗು ಹಾಕಿತೆಂದರೆ ಭಾಕರಿಯ ತುಂಡು ಅವನ ಕೈಯಿಂದ ಹಾರಿತು. ಆರಿಸಿದ ಮೇಲೆ ಅವನು ನಮ್ಮನ್ನು, ತನ್ನ ಒಳ್ಳೆಯ ದಿನಗಳನ್ನು ಕೆಡಿಸಿದವರನ್ನು ನೋಡುವಂತೆ ನೋಡಿದ.

ಬಾಯಿ ಅವನಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಈ ಆವಿ ಕಣ್ಣಿಗೆ ಕಾಣುವುದಿಲ್ಲ. ಇದು ಶಾಂತವಾಗಿರಲಿಲ್ಲ, ಕಿವುಡಾಗಿತ್ತು. ಮಾಡಿ ಕಳಿಸಿದವರು ನಾವು.

ಅವನ ಕೈ ಡಬ್ಬಿಯಲ್ಲೇ ನಿಂತಿತು. ತೆರೆದಿದ್ದ ಬಾಗಿಲಿನಿಂದ ಒಳಗೆ ಸಾಲಾಗಿ ನಿಂತ ಡ್ರಮ್ಮುಗಳನ್ನು ನೋಡಿದ. ಆಮೇಲೆ ತಲೆಯೆತ್ತಿ ಅಲಾರಂ ನೋಡಿದ.

"ಮ್ಹಣಜೇ, ಇತಕೇ ದಿವಸ ಮೀ…" ಅಂದರೆ, ಇಷ್ಟು ದಿನ ನಾನು… ಎಂದು ಅಷ್ಟಕ್ಕೇ ನಿಲ್ಲಿಸಿದ.

ಬಾಯಿ ಉತ್ತರ ಕೊಡಲು ತುಟಿ ತೆರೆದರು. ಅಲ್ಲಿಯವರೆಗೆ ನೀರಿನಂತೆ ಹರಿಯುತ್ತಿದ್ದ ಮರಾಠಿ ಬರಲಿಲ್ಲ.

"ತಪ್ಪಾತ್ರಿ ಅಣ್ಣಾ," ಎಂದರು ಕನ್ನಡದಲ್ಲಿ. "ಭಾಳ ತಪ್ಪಾತು."

ಅವನಿಗೆ ಒಂದಕ್ಷರವೂ ತಿಳಿದಿರಲಾರದು. ಆದರೂ ಬೆಂಚಿನ ಒಂದು ಕಡೆಗೆ ಸರಿದು, "ಬಸಾ ಬಾಯಿ, ಬಸಾ," ಎಂದ. ಬಾಯಿ ಕೂತರು. ಡಬ್ಬಿಯ ಮುಚ್ಚಳದಲ್ಲಿ ಅರ್ಧ ಭಾಕರಿ ಇಟ್ಟು ಅವರ ಕಡೆ ಸರಿಸಿದ. ಇಬ್ಬರೂ ತಿಂದರು. ನಾನು ಏಣಿಯ ಮೇಲೆಯೇ ಇದ್ದೆ, ಇಳಿಯಬೇಕೋ ಬೇಡವೋ ತಿಳಿಯದೆ.

ಅವನು ನೀರು ಕುಡಿದು, ತುಟಿ ಒರೆಸಿಕೊಂಡು, ನನ್ನ ಕಡೆ ಮುಖ ಎತ್ತಿದ.

"ಪುನ್ಹಾ ಏಕದಾ ವಾಜವಾ," ಎಂದ. ಇನ್ನೊಂದು ಸಲ ಕೂಗಿಸಿ.

ನಾನು ಗ್ಯಾಸು ಬಿಟ್ಟೆ. ಅದು ಕೂಗಿತು. ಅಧಿಕಾರಿ ಕಿವಿ ಮುಚ್ಚಿಕೊಂಡ. ಬೆಂಚಿನ ಮೇಲಿದ್ದವನು ಮುಚ್ಚಿಕೊಳ್ಳಲಿಲ್ಲ. ಅದು ತಾನಾಗಿ ನಿಲ್ಲುವ ತನಕ ಕತ್ತೆತ್ತಿ ಕೇಳುತ್ತ ಕೂತಿದ್ದ.